ಕೆರೆ ದಂಡೆಯ ಸಸಿಗಳನ್ನು ಕಿತ್ತವರು ಯಾರು?

ಹಾವೇರಿ ಕಡೆಯ ಒಂದು ಊರಿನಲ್ಲಿ ವಿರೂಪಾಕ್ಷ ಬಣಕಾರ ಎಂಬ ಟೈಲ್ಸ್ ವ್ಯಾಪಾರಿ ಇದ್ದರು. ವಾರಪೂರ್ತಿ ಅಂಗಡಿ... ಭಾನುವಾರ ಮಾತ್ರ ಕೆರೆ.

ಆರು ವರ್ಷದ ಹಿಂದೆ ಊರ ಕೆರೆಯ ದಂಡೆಯಲ್ಲಿ ಕಾಲಿಡುವಂತಿರಲಿಲ್ಲ. ಒಡೆದ ಬಾಟಲಿ, ಪ್ಲಾಸ್ಟಿಕ್, ಮುಳ್ಳುಕಂಟಿ. ಬಣಕಾರರು ಒಬ್ಬರೇ ಗೋಣಿಚೀಲ ಹಿಡಿದು ಶುರು ಮಾಡಿದರು. ಜನ ನಕ್ಕರು.

ಆಮೇಲೆ ನಕ್ಕವರೇ ಬಂದು ಕೈಜೋಡಿಸಿದರು. 'ಕೆರೆ ಗೆಳೆಯರು' ಅಂತ ತಂಡವಾಯಿತು. ಅರವತ್ತು ಜನ, ಹಸಿರು ಟೀ ಶರ್ಟು, ಒಂದು ವಾಟ್ಸಾಪ್ ಗ್ರೂಪು...

ಕೆರೆ ತಿಳಿಯಾಯಿತು. ಆದರೆ ಒಂದು ಜಾಗ ಮಾತ್ರ ಬಣಕಾರರ ಕಣ್ಣಿಗೆ ಚುಚ್ಚುತ್ತಲೇ ಇತ್ತು. ಪಶ್ಚಿಮ ದಂಡೆಯ ಬಯಲು. ಬರೀ ಹರಳುಕಲ್ಲು, ಅಲ್ಲೊಂದು ಇಲ್ಲೊಂದು ಹುಲ್ಲಿನ ಎಸಳು.

ಈ ಮಳೆಗಾಲಕ್ಕೆ ಅಲ್ಲಿ ಸಾವಿರ ಸಸಿ ನೆಡಬೇಕೆಂದು ಪಣ ತೊಟ್ಟರು. ಮೊದಲ ಭಾನುವಾರವೇ ಇನ್ನೂರು ಗುಂಡಿ, ಇನ್ನೂರು ಸಸಿ.

ಬುಧವಾರ ಹೋಗಿ ನೋಡಿದರೆ... ಇಪ್ಪತ್ತು ಸಸಿ ಇಲ್ಲ.

ಮತ್ತೆ ನೆಟ್ಟರು. ಮತ್ತೆ ಮಾಯ.

ದನ ಮೇಯ್ದಿದ್ದರೆ ಕಡ್ಡಿಯಾದರೂ ಉಳಿಯಬೇಕಿತ್ತು. ಇಲ್ಲಿ ಬೇರುಸಮೇತ ಎತ್ತಿದ್ದರು. ಯಾರೋ ಬೇಕಂತಲೇ ಮಾಡಿದ ಕೆಲಸ. ಗ್ರೂಪಿನಲ್ಲಿ ಒಬ್ಬೊಬ್ಬರದು ಒಂದೊಂದು ಅನುಮಾನ. ಬಣಕಾರರಿಗೆ ಅನ್ನ ಸೇರದಾಯಿತು.

ಮೂರನೇ ವಾರ ಒಂದು ಬೆಳಗ್ಗೆ, ಅಂಗಡಿ ಬಾಗಿಲನ್ನೂ ತೆರೆಯದೆ ಅವರು ನೇರ ಕೆರೆಗೆ ಹೋದರು.

ಕಳ್ಳತನ ಕಣ್ಣಿಗೇ ಬಿತ್ತು.

ಒಬ್ಬ ಮುದುಕಿ ಮೊಣಕಾಲೂರಿ ಕೂತು, ಕುಡುಗೋಲಿನ ತುದಿಯಿಂದ ಮಣ್ಣು ಬಿಡಿಸಿ ಸಸಿ ಎತ್ತುತ್ತಿದ್ದಳು. ದ್ಯಾಮವ್ವ. ಕೆರೆಯ ಜೊಂಡು ಕೊಯ್ದು ಚಾಪೆ ಹೆಣೆದು ಬದುಕುವವಳು.

ಬಣಕಾರರ ಮೈಯೆಲ್ಲ ಉರಿದುಹೋಯಿತು. ಪೊಲೀಸರನ್ನು ಕರೆಸುತ್ತೇನೆ, ಇನ್ನು ಮೇಲೆ ಕೆರೆಗೆ ಕಾಲಿಡಲು ಬಿಡುವುದಿಲ್ಲ ಎಂದು ಬೈಯುತ್ತಲೇ ದಾಪುಗಾಲು ಹಾಕಿದರು.

ಮುದುಕಿ ಬೆದರಲಿಲ್ಲ. ಒಂದು ಕೈ ಎತ್ತಿದಳು, ಅಷ್ಟೆ.

"ಅಲ್ಲೇ ನಿಲ್ರಿ ಸಾವಕಾರ್ರ... ಕಾಲು ಎತ್ತಬ್ಯಾಡ್ರಿ. ಕೆಳಗ ನೋಡ್ರಿ."

ಬಗ್ಗಿ ನೋಡಿದರು. ಬರೀ ಕಲ್ಲು... ಏನೂ ಕಾಣಲಿಲ್ಲ.

ಆಮೇಲೆ ಕಂಡಿತು. ಬೂಟಿನಿಂದ ಒಂದೇ ಗೇಣು ಆಚೆ, ಕಲ್ಲುಗಳ ನಡುವೆ, ಕಲ್ಲಿನದೇ ಬಣ್ಣದ ನಾಲ್ಕು ಮೊಟ್ಟೆ.

ಅವರು ಇದ್ದಲ್ಲೇ ನಿಂತರು.

ಟಿಟ್ಟಿಭ ಹಕ್ಕಿ ಮರದ ಮೇಲೆ ಗೂಡು ಕಟ್ಟುವುದಿಲ್ಲ, ಹೀಗೆ ಬಯಲು ನೆಲದಲ್ಲೇ ಮೊಟ್ಟೆ ಇಡುತ್ತದೆ ಎಂದು ದ್ಯಾಮವ್ವ ಹೇಳಿದಳು. ಗಿಡ ಎದ್ದರೆ ಕಾಗೆ ಅದರ ಮೇಲೆ ಕೂತು ಹೊಂಚು ಹಾಕುತ್ತದೆ. ಆಮೇಲೆ ಈ ಹಕ್ಕಿ ಈ ಕಡೆ ಸುಳಿಯುವುದೇ ಇಲ್ಲ. ಅದಕ್ಕೇ ಮೊಟ್ಟೆ ಇದ್ದ ಕಡೆಯ ಸಸಿಗಳನ್ನಷ್ಟೇ ಅವಳು ಎತ್ತಿದ್ದಳು.

ಆಮೇಲೆ ಇನ್ನೊಂದು ಗುಂಡಿಯ ಹತ್ತಿರ ಕರೆದುಕೊಂಡು ಹೋದಳು. ಅಂಚಿನ ಮಣ್ಣಿನಲ್ಲಿ ಒಡೆದ ಮೊಟ್ಟೆಚಿಪ್ಪಿನ ಚೂರುಗಳು ಹುದುಗಿದ್ದವು...

ಬಣಕಾರರಿಗೆ ಆ ಗುಂಡಿಯ ಗುರುತು ಸಿಕ್ಕಿತು. ಮೊದಲ ದಿನದ ಮೊದಲ ಗುಂಡಿ. ಪೂಜೆ ಮಾಡಿ, ತಮ್ಮ ಕೈಯಾರೆ ತೆಗೆದದ್ದು.

ತಲೆಯ ಮೇಲೆ ಎರಡು ಹಕ್ಕಿ ಕೂಗುತ್ತ ಸುತ್ತುತ್ತಿದ್ದವು. ಪ್ರತಿ ಭಾನುವಾರ ಗುಂಡಿ ತೆಗೆಯುವಾಗಲೂ ಹೀಗೇ ಸುತ್ತುತ್ತಿದ್ದವು. ಹಕ್ಕಿಗಳೂ ನಮಗೆ ಥ್ಯಾಂಕ್ಸ್ ಹೇಳುತ್ತಿವೆ ಎಂದು ಅವರೇ ವಿಡಿಯೊ ಮಾಡಿ ಸ್ಟೇಟಸ್ ಹಾಕಿದ್ದರು...

ಅದು ಥ್ಯಾಂಕ್ಸ್ ಆಗಿರಲಿಲ್ಲ. ಗೋಳಾಗಿತ್ತು.

ಬಣಕಾರರು ಒಂದು ಕಲ್ಲಿನ ಮೇಲೆ ಕೂತರು. ಅವಳನ್ನು ಕೇಳಿದರು, "ಮೊದಲ ಯಾಕ ಹೇಳಲಿಲ್ಲಬೇ?"

"ಹೇಳಾಕ ಬಂದಿದ್ನಿರಿ, ಮೊದಲನೇ ಐತವಾರನ. ನೀವು ನನ್ನ ಕೈಯಾಗ ಉಪ್ಪಿಟ್ಟಿನ ಪ್ಲೇಟ್ ಇಟ್ಟು, ಆ ಕಡೆ ಕುಂತು ತಿನ್ನವ್ವಾ, ಇಲ್ಲಿ ಫೋಟೊ ಹಿಡೀತಾರ ಅಂದ್ರಿ."

ಅವಳ ದನಿಯಲ್ಲಿ ಸಿಟ್ಟಿರಲಿಲ್ಲ. ನಡೆದದ್ದನ್ನು ನಡೆದಂತೆ ಹೇಳಿದ್ದಳು.

ಬಣಕಾರರು ನೆನಪಿಸಿಕೊಳ್ಳಲು ನೋಡಿದರು. ಪ್ಲೇಟು ನೆನಪಾಯಿತು. ಅದನ್ನು ಈಸಿಕೊಂಡ ಕೈಯೂ ನೆನಪಾಯಿತು. ಮುಖ ಮಾತ್ರ ನೆನಪಾಗಲಿಲ್ಲ... ಆ ದಿನ ಅವರು ಮುಖವನ್ನೇ ನೋಡಿರಲಿಲ್ಲ.

ಕಿತ್ತ ಸಸಿಗಳೆಲ್ಲ ಎಲ್ಲಿ ಎಂದು ಕೇಳಿದಾಗ ದ್ಯಾಮವ್ವ ಏರಿಯ ಹಿಂದಿನ ಬೇವಿನ ಮರದ ಬುಡಕ್ಕೆ ಕರೆದೊಯ್ದಳು. ಒಂದೂ ಸತ್ತಿರಲಿಲ್ಲ. ಬೇರಿಗೆ ಒದ್ದೆ ಗೋಣಿ ಸುತ್ತಿ, ನೆರಳಿಗಿಟ್ಟು, ದಿನಾ ಕೊಡದಲ್ಲಿ ನೀರು ಹೊತ್ತು ತಂದು ಚಿಮುಕಿಸಿದ್ದಳು.

"ಇವೂ ಜೀವಾನ ಅಲ್ರಿ... ಒಣಗಾಕ ಹೆಂಗ ಬಿಡೂದು?"

ಐವತ್ತೆಂಟು ವರ್ಷದ ಆ ವ್ಯಾಪಾರಿ ಬೇವಿನ ಮರಕ್ಕೆ ಹಣೆ ಒತ್ತಿ ಅತ್ತುಬಿಟ್ಟರು.

ಮುಂದಿನ ಭಾನುವಾರ ಅರವತ್ತು ಜನರ ಎದುರು ನಿಂತು ಎಲ್ಲವನ್ನೂ ಹೇಳಿದರು. ಮೊದಲ ಗುಂಡಿಯ ಕಥೆ, ಉಪ್ಪಿಟ್ಟಿನ ಕಥೆ... ಒಂದನ್ನೂ ಮುಚ್ಚಿಡಲಿಲ್ಲ.

ಒಬ್ಬ ಮೇಷ್ಟ್ರು ಮಾತ್ರ ಸಿಟ್ಟಾದರು. ಆರು ವರ್ಷ ಬೆವರು ಸುರಿಸಿದ ನಮಗೆ ಚಾಪೆ ಹೆಣೆಯುವವಳಿಂದ ಪಾಠವೇ ಎಂದು ಕೇಳಿ ಎದ್ದು ಹೋದರು. ಬಣಕಾರರು ಅವರನ್ನು ತಡೆಯಲಿಲ್ಲ. ಮೊನ್ನೆಯವರೆಗೂ ತಾವೂ ಅದೇ ಮಾತು ಆಡುತ್ತಿದ್ದವರೇ ಎಂಬುದು ಅವರಿಗೆ ಗೊತ್ತಿತ್ತು.

ಬಯಲನ್ನು ಹಕ್ಕಿಗಳಿಗೇ ಬಿಡುವುದೆಂದು ತೀರ್ಮಾನವಾಯಿತು. ನೆಟ್ಟ ಸಸಿಗಳನ್ನೆಲ್ಲ ಎತ್ತಿ ಏರಿಯ ಹಿಂದಿನ ರಸ್ತೆ ಬದಿಗೆ ಸಾಗಿಸಬೇಕಿತ್ತು. ಆದರೆ ಆ ಬಯಲಿನಲ್ಲಿ ಹೆಜ್ಜೆ ಇಡುವುದು ಎಲ್ಲಿ? ಮೊಟ್ಟೆ ಎಲ್ಲೆಲ್ಲಿವೆ ಎಂಬುದು ಗೊತ್ತಿದ್ದದ್ದು ಒಬ್ಬಳಿಗೆ ಮಾತ್ರ.

ದ್ಯಾಮವ್ವ ಮುಂದೆ ನಡೆದಳು. ಅವಳ ಹಿಂದೆ ಡಾಕ್ಟರು, ವಕೀಲರು, ಬ್ಯಾಂಕಿನವರು, ಕಾಲೇಜು ಹುಡುಗಿಯರು... ಒಬ್ಬರ ಹಿಂದೆ ಒಬ್ಬರು, ಅವಳು ಕಾಲಿಟ್ಟಲ್ಲೇ ಕಾಲಿಡುತ್ತ ನಡೆದರು. ಎಲ್ಲರಿಗಿಂತ ಹಿಂದೆ ಬಣಕಾರರು, ಬರಿಗಾಲಲ್ಲಿ.

ಸಾಲು ದಾಟಿದ ಮೇಲೆ ಒಂದು ಹಕ್ಕಿ ಕೆಳಗಿಳಿಯಿತು. ಅತ್ತ ಇತ್ತ ನೋಡಿ, ಮೆಲ್ಲಗೆ ನಡೆದು ಬಂದು, ಮೊಟ್ಟೆಗಳ ಮೇಲೆ ಕೂತಿತು.

ಒಂದು ಜಾಗಕ್ಕೆ ಒಳ್ಳೆಯದು ಮಾಡಲು ಹೊರಟವರು, ಮೊದಲು ಅಲ್ಲಿ ಬದುಕುವವರ ಮಾತು ಕೇಳಬೇಕು.

ನಮಗೇನೋ ಹೇಳಲು ಬಂದು, ಹೇಳಲಾಗದೆ ಹಿಂದಿರುಗಿದವರು ನಮ್ಮ ಸುತ್ತ ಎಷ್ಟು ಜನರಿದ್ದಾರೆ... ಯೋಚಿಸಿದ್ದೀರಾ?