ದಪ್ಪ ಗೆರೆ

ಮೆಹಂದಿ ಹಾಕುವುದರಲ್ಲಿ ಇಪ್ಪತ್ತು ವರ್ಷ ಹೆಸರು ಮಾಡಿದವಳಿಗೆ ಈಗ ಸ್ವಂತ ನಾದಿನಿಯ ಮೇಲೇ ಗುಮಾನಿ. ಕೆಲಸ ಕಲಿಸಿದವಳು ತಾನು. ಮೆಹಂದಿ ಕಲಸಿ ಇಬ್ಬರ ಕೋನನ್ನೂ ತುಂಬುವವಳು ನಾದಿನಿ. ಎರಡು ತಿಂಗಳಿಂದ ನಾದಿನಿಯ ಗೆರೆ ಕೂದಲೆಳೆಯಂತೆ, ತನ್ನದು ಹುರಿಹಗ್ಗದಂತೆ. ಗಿರಾಕಿಗಳೆಲ್ಲ ನಾದಿನಿಯನ್ನೇ ಕೇಳತೊಡಗಿದ್ದರು.

ಇವತ್ತು ಮದುಮಗಳ ಎದುರಿಗೇ ಕೇಳಿಬಿಟ್ಟಳು. "ನನ್ನ ಕೋನಿನ ತುದಿ ಯಾಕೆ ಇಷ್ಟು ಅಗಲ ಕತ್ತರಿಸಿದ್ದೀಯ? ಮೆಹಂದಿನೂ ಮುದ್ದೆ ಥರ ಗಟ್ಟಿ."

"ಹಾಕಿ ಅತ್ತಿಗೆ, ಆಮೇಲೆ ಮಾತಾಡೋಣ."

"ನಿನ್ನ ಕೋನು ಕೊಡು ಇಲ್ಲಿ."

"ಬೇಡ ಅತ್ತಿಗೆ. ನಿಮಗೆ ಅದೇ ಸರಿ."

"ನನಗೇನು ಸರಿ ಅಂತ ನೀನು ಹೇಳಿಕೊಡ್ತೀಯೇನೆ? ನನ್ನ ಗಿರಾಕಿಗಳನ್ನ ನುಂಗಿ ನೀರು ಕುಡಿಯೋಕೆ ಹೊಂಚು ಹಾಕಿದ್ದೀಯ."

ಕೋನನ್ನು ಕಿತ್ತುಕೊಂಡು ಮದುಮಗಳ ಮಣಿಕಟ್ಟಿನ ಮೇಲೆ ಉದ್ದಕ್ಕೊಂದು ಗೆರೆ ಎಳೆದಳು. ತೆಳುವಾದ ಮೆಹಂದಿ ಸಲೀಸಾಗಿ ಇಳಿಯಿತು. ಗೆರೆ ಮಾತ್ರ ಎರೆಹುಳದ ಹಾಗೆ ಅಂಕುಡೊಂಕು. ಒರೆಸಿ ಮತ್ತೆ ಎಳೆದಳು. ಮತ್ತೂ ಡೊಂಕು.

ನಾದಿನಿ ಹಳೆಯ ಕೋನನ್ನು ಅವಳ ಕೈಗಿಟ್ಟು ಕಿವಿಯಲ್ಲಿ ಹೇಳಿದಳು, "ಇದರಲ್ಲೇ ಹಾಕಿ ಅತ್ತಿಗೆ. ದಪ್ಪ ಗೆರೇಲಿ ಕೈ ನಡುಗೋದು ಕಾಣಲ್ಲ."