ಎರಡು ಎಂಜಿನ್, ನಾಲ್ಕು ಜನ

“ಎರಡೂ ಎಂಜಿನ್ ಆರಿಸಿ, ಗೊರಕೆ ಹೊಡೀತಾ ಸಮುದ್ರ ದಾಟಿದ್ದೀನಿ ಬೀಗರೇ. ಎಚ್ಚರ ಆದಾಗ ವಿಮಾನ ನೆಲದ ಮೇಲೆ ನಿಂತಿತ್ತು,” ಎಂದರು ವಿಮಾನದ ಯಜಮಾನರು. ಊರಿಗೆಲ್ಲ ಅವರು ಗಗನರಾಯರು. ತಮ್ಮ ಪುಟ್ಟ ವಿಮಾನದ ರೆಕ್ಕೆಯನ್ನು ಎಮ್ಮೆಯ ಬೆನ್ನು ತಟ್ಟಿದಂತೆ ತಟ್ಟಿದರು, ಕೈ ಚುರ್ರೆಂದಿತು. ಬಿಸಿಲು ಎಂಥದೆಂದರೆ ಮೂರು ಲೋಕದ ಒಲೆಗಳೂ ಆ ರನ್‌ವೇ ಮೇಲೇ ಉರಿಯುತ್ತಿದ್ದವು. ನೆರಳು ಕೂಡ ರೆಕ್ಕೆಯ ಕೆಳಗೆ ನುಸುಳಿ ಏದುಸಿರು ಬಿಡುತ್ತಿತ್ತು.

ಬೀಗರಿಗೂ ಪಕ್ಕದಲ್ಲಿ ನಿಂತಿದ್ದ ಅವರ ಹೆಂಡತಿಗೂ ಕಥೆ ಕೇಳುವ ಸಮಾಧಾನವಿರಲಿಲ್ಲ. ದೂರದ ಆಸ್ಪತ್ರೆಯಲ್ಲಿ ಅವರ ಮಗನಿಗೆ, ಅಂದರೆ ಗಗನರಾಯರ ಅಳಿಯನಿಗೆ, ಸಂಜೆ ಆಪರೇಷನ್. ಅಪ್ಪ ಅಮ್ಮ ಇಬ್ಬರ ಮುಖವನ್ನೂ ನೋಡದೆ ಒಳಗೆ ಹೋಗುವುದಿಲ್ಲವೆಂದು ಹಟ ಹಿಡಿದಿದ್ದ. ರಸ್ತೆಯಲ್ಲಿ ಹೋದರೆ ತಲುಪುವುದು ನಾಳೆಯೇ.

ಗಗನರಾಯರ ಹೆಂಡತಿ ಥರ್ಮಾಮೀಟರ್ ನೋಡಿಕೊಂಡು ಬಂದರು. “ನಾಲ್ಕು ಜನ ಆಗಲ್ಲ. ಒಬ್ಬರು ಉಳೀಬೇಕು.”

“ಪೆಟ್ಟಿಗೆಗಳನ್ನೆಲ್ಲ ಇಳಿಸಿ ಆಯ್ತಲ್ಲಮ್ಮ. ಎರಡೆರಡು ಎಂಜಿನ್ ಬೇರೆ ಇದೆ,” ಎಂದರು ಬೀಗರು.

“ಕಾದ ಗಾಳಿ ತೆಳು. ರೆಕ್ಕೆಗೆ ಹಿಡಿತ ಸಿಗಲ್ಲ. ಒಂದು ಎಂಜಿನ್ ಕೈಕೊಟ್ಟರೆ ಇನ್ನೊಂದು ನಾಲ್ವರನ್ನ ಹೊರಲ್ಲ.”

“ಆನೆ ಹತ್ತಿಸಿದ್ರೂ ಎತ್ತುತ್ತೆ ಕಣೇ, ನಾನಿದ್ದೀನಲ್ಲ,” ಎಂದರು ಗಗನರಾಯರು.

“ಆನೆಗೂ ನಿಮಗೂ ಹೆಚ್ಚೇನು ವ್ಯತ್ಯಾಸ ಇಲ್ಲ.”

ಬೀಗರು ಮನಸ್ಸಿನಲ್ಲೇ ಕೂಡಿ ಕಳೆದರು. ತಾವೂ ತಮ್ಮ ಹೆಂಡತಿಯೂ ಹೋಗಲೇಬೇಕು. ಗಗನರಾಯರಿಲ್ಲದೆ ವಿಮಾನ ಏಳುವುದಿಲ್ಲ. “ತಪ್ಪು ತಿಳೀಬೇಡಿ ಬೀಗಿತ್ತಿ, ನೀವೇ ಉಳ್ಕೊಳ್ಳಿ. ಹೋದ ಸಲ ನಾನು ಹಿಂದೆ ಕೂತು ನೋಡಿದ್ನಲ್ಲ, ದಾರಿಯುದ್ದಕ್ಕೂ ಸ್ಟಿಯರಿಂಗ್ ಬಿಡಲೇ ಇಲ್ಲ ನೀವು. ಹೆದರಿಕೆಗೆ ಹಿಡ್ಕೊಂಡಿದಾಳೆ ಅಂತ ರಾಯರು ಆಗಲೇ ಹೇಳಿದ್ರು.”

ಆಕೆ ಗಂಡನನ್ನು ನೋಡಿದರು.

ಗಗನರಾಯರು ಕೆಮ್ಮಿದರು, ಮೀಸೆ ತೀಡಿದರು, ಆಕಾಶ ನೋಡಿದರು. ಅಲ್ಲೂ ಆಸರೆ ಸಿಗಲಿಲ್ಲ. ಕೊನೆಗೆ ತಲೆಯ ಮೇಲಿದ್ದ ಹೆಡ್‌ಫೋನ್ ತೆಗೆದು ಹೆಂಡತಿಯ ಕೈಗಿಟ್ಟು, ಇಳಿಸಿದ್ದ ಪೆಟ್ಟಿಗೆಯೊಂದರ ಮೇಲೆ ಕೂತುಬಿಟ್ಟರು.

“ಅಯ್ಯೋ, ನೀವೇ ಕೂತರೆ ಹಾರಿಸೋರು ಯಾರು?” ಬೀಗರು ಅವರ ಮುಖ, ಆಕೆಯ ಮುಖ, ವಿಮಾನದ ಮುಖ ಮೂರನ್ನೂ ನೋಡಿದರು. ಒಂದೂ ಅರ್ಥವಾಗಲಿಲ್ಲ.

“ವಿಮಾನ ನನ್ನ ಹೆಸರಲ್ಲಿದೆ. ಲೈಸೆನ್ಸ್ ಅವಳ ಹೆಸರಲ್ಲಿದೆ. ಬೇಗ ಹತ್ತಿ, ಹುಡುಗ ಕಾಯ್ತಿದಾನೆ.”

ಬೀಗರು ಮೆಟ್ಟಿಲ ಮೇಲೆ ಒಂದು ಕಾಲಿಟ್ಟು ತಿರುಗಿದರು. “ಹಾಗಾದ್ರೆ, ಆ ಸಮುದ್ರ?”

“ಗೊರಕೆ ಹೊಡೆದದ್ದು ಮಾತ್ರ ನಿಜ, ಬೀಗರೇ.”