ಸಕ್ಕರ್ ಮೀನಿನ ಊಟ

“ಇದಕ್ಕ ತಿನ್ನಾಕ ಏನು ಹಾಕ್ತೀರಿ ಸರ್?” ಅಂದ ಜುಲ್ಫಿಕರ್.

ಸಿಂಧನೂರಿನ ಅವನ ಬಣ್ಣದ ಮೀನಿನ ಅಂಗಡಿಯ ಕೌಂಟರಿನ ಮೇಲೆ ಒಂದು ಪ್ಲಾಸ್ಟಿಕ್ ಡಬ್ಬಿ ಇತ್ತು. ಅದರೊಳಗೆ ಗೇಣುದ್ದದ ಕಪ್ಪು ಸಕ್ಕರ್ ಮೀನು, ಗೋಡೆಗೆ ಬಾಯಿ ಅಂಟಿಸಿಕೊಂಡು ಮಿಸುಕದೆ ನಿಂತಿತ್ತು. ಹೊಟ್ಟೆ ಒಳಕ್ಕೆ ಸೇರಿಹೋಗಿತ್ತು. ಮಸ್ಕಿಯಿಂದ ಬಸ್ಸಿನಲ್ಲಿ ಅದನ್ನು ತೊಡೆಯ ಮೇಲಿಟ್ಟುಕೊಂಡು ಬಂದವಳು ಯಮನಮ್ಮ. ಅವಳ ಮಗ ಶಿವರಾಜನಿಗೆ ರಜೆಯ ದಿನ ಇದೊಂದು ಬೇಡದ ತಿರುಗಾಟ. ಆದರೆ ಎಂದೂ ಏನೂ ಕೇಳದ ಅವ್ವ ಮೂರು ದಿನದಿಂದ “ಅದು ಉಳಿಯಂಗಿಲ್ಲ ತಮ್ಮಾ, ಒಮ್ಮಿ ತೋರಿಸ್ಕೊಂಡು ಬರೂಣು ನಡಿ” ಎಂದು ಬೆನ್ನು ಹತ್ತಿದ್ದಳು.

“ಏನೂ ಹಾಕಂಗಿಲ್ಲ. ಸಕ್ಕರ್ ಅಲ್ಲೇನ್ರಿ? ಟ್ಯಾಂಕಿನ ಹೊಲಸು ತಿಂದು ಬದುಕತೈತಿ,” ಅಂದ ಶಿವರಾಜ. ಸರ್ಕಾರಿ ಕಚೇರಿಯಲ್ಲಿ ಗುಮಾಸ್ತ. ಯಾವ ಮಾತನ್ನೂ ಅನುಮಾನವಿಲ್ಲದೆ ಹೇಳುವುದು ಅವನಿಗೆ ರೂಢಿಯಾಗಿತ್ತು.

ಜುಲ್ಫಿಕರ್ ಡಬ್ಬಿಯನ್ನು ಬೆಳಕಿಗೆ ಹಿಡಿದ. “ಸಕ್ಕರ್ ಅಂದ್ರ ಎಲ್ಲಾ ಒಂದಲ್ಲ ಸರ್. ಮೂತಿ ಮ್ಯಾಲೆ ಮೀಸಿ ಬರೋದು ಒಂದೈತಿ, ಅದು ಅಂಗೈಯಷ್ಟಾಗಿ ನಿಂದ್ರತೈತಿ. ಇದಕ್ಕ ಮೀಸಿ ಇಲ್ಲ. ಬೆನ್ನಿನ ರೆಕ್ಕಿ ನೋಡ್ರಿ, ಬೀಸಣಿಕಿ ಬಿಚ್ಚಿದಂಗ ಐತಿ, ಹತ್ತಕ್ಕಿಂತ ಜಾಸ್ತಿ ಮುಳ್ಳು ಅದಾವ. ಇದು ಒಂದೂವರಿ ಅಡಿ ಬೆಳಿಯೋದು. ನಾಳೆ ದೊಡ್ಡದಾತಂತ ಕಾಲುವಿಗೆ ಬಿಡಬ್ಯಾಡ್ರಿ, ನನಗ ತಂದು ಕೊಡ್ರಿ. ಪಾಚಿ ಕೆರಿತೈತಿ, ಖರೆ. ಅಷ್ಟರಾಗ ಹೊಟ್ಟಿ ತುಂಬತೈತೇನು? ಸೌತಿಕಾಯಿ ಹಾಕ್ರಿ. ಕೆರಕೊಂತ ಇರಾಕ ಒಂದು ಕಟಗಿ ಇಡ್ರಿ.”

“ಕಟಗಿ ತಂದೀನಿ,” ಎಂದು ಶಿವರಾಜ ಚೀಲದಿಂದ ಒಂದು ಸೊಟ್ಟ ಬೇರನ್ನು ಹೊರತೆಗೆದ. ಟ್ಯಾಂಕಿನೊಳಗೆ ಚೆಂದಕ್ಕೆ ಇಡೋಣವೆಂದು ಹೋದ ವಾರ ಗೊರೇಬಾಳದ ಕಾಲುವೆ ದಂಡೆಯಲ್ಲಿ ಆರಿಸಿದ್ದು. ನೋಡಲು ಬಲು ಚೆಂದವಿತ್ತು. ಜುಲ್ಫಿಕರ್ ಅದನ್ನು ಮೂಗಿಗೆ ಹಿಡಿದವನೇ ಪಕ್ಕಕ್ಕಿಟ್ಟ.

“ಗದ್ದಿ ನೀರು ಕುಡದ ಕಟಗಿ ಇದು. ಹುಳ ಸಾಯಲಂತ ಭತ್ತಕ್ಕ ಹೊಡದ ಎಣ್ಣಿ ಎಲ್ಲಾ ಇದರಾಗ ಇಳದಿರತೈತಿ. ಇದನ್ನ ಹಾಕಿದ್ರ ಟ್ಯಾಂಕಿನ್ಯಾಗ ಒಂದೂ ಉಳಿಯಂಗಿಲ್ಲ.”

“ಹಂಗಾರ ಬೇವಿಂದು? ಮನಿ ಮುಂದನ ಐತಿ. ಬೇವು ಔಷಧ ಅಲ್ಲೇನು?”

“ನಮಗ ಔಷಧ. ಮೀನಿಗೆ ವಿಷ.” ನೀರಿನ ತೊಟ್ಟಿಯ ತಳದಲ್ಲಿ ಮುಳುಗಿ ಕೂತಿದ್ದ ಕರಿಯ ತುಂಡೊಂದನ್ನು ಜುಲ್ಫಿಕರ್ ಎತ್ತಿ ಕೊಟ್ಟ. “ಇದನ್ನ ಒಯ್ರಿ. ತೊಗಟಿ ಇಲ್ಲ, ಅಂಟಿಲ್ಲ, ಉಗುರು ಊರಿದ್ರ ಇಳಿಯಂಗಿಲ್ಲ. ನೀರಿಗೆ ಚಹಾದ ಬಣ್ಣ ಬಿಡತೈತಿ, ಅದು ತಿಳಿಯಾಗೋತನಕ ಕುದಿಸಿ ಕುದಿಸಿ ಚೆಲ್ರಿ.”

ಯಮನಮ್ಮ ಸ್ಟೂಲಿನ ಮೇಲೆ ಕೂತು ಒಂದೊಂದನ್ನೂ ಮನಸ್ಸಿಗೆ ಹಾಕಿಕೊಳ್ಳುತ್ತಿದ್ದಳು. ಶಿವರಾಜನ ಮುಖ ಮಾತ್ರ ಸಣ್ಣದಾಗಿತ್ತು. ಮನೆಯ ಟ್ಯಾಂಕಿನ ಬಣ್ಣದ ಮೀನುಗಳಿಗೆ ಹೊತ್ತುಹೊತ್ತಿಗೆ ಕಾಳು ಹಾಕುತ್ತಿದ್ದವನು ಅವನೇ. ಎರಡು ತಿಂಗಳ ಹಿಂದೆ ಅವ್ವ ಸಕ್ಕರ್ ಮೀನಿಗೆಂದು ರೊಟ್ಟಿಯ ಚೂರು ಉದುರಿಸುವಾಗ ಕೈ ಹಿಡಿದು ತಡೆದವನೂ ಅವನೇ. “ಅದಕ್ಕ ಉಣ್ಣಾಕ ಹಾಕಿದ್ರ ಕೆಲಸ ಬಿಡತೈತಿ ಬೇ ಯವ್ವಾ,” ಅಂದಿದ್ದ. ಅವ್ವ ಕೈಗೆ ಅಂಟಿದ್ದ ಚೂರನ್ನು ಸೆರಗಿಗೆ ಒರೆಸಿಕೊಂಡು ಒಳಗೆ ಹೋಗಿದ್ದಳು.

ಆಮೇಲೊಂದು ದಿನ ಕಚೇರಿಯ ಸಾಹೇಬರು ಮನೆಗೆ ಬಂದಿದ್ದರು. ಗಾಜು ಕೆರೆಯುತ್ತಿದ್ದ ಮೀನನ್ನು ತೋರಿಸಿ, “ಇವ ನಿಮ್ಮನಿ ಕಸಾ ಬಳಿಯೋ ಝಾಡಮಾಲಿ ಏನ್ರಿ?” ಎಂದು ನಕ್ಕರು. ಶಿವರಾಜ ಅವರಿಗಿಂತ ಜೋರಾಗಿ ನಕ್ಕ. ಬಾಗಿಲಲ್ಲಿ ಚಹಾದ ತಟ್ಟೆ ಹಿಡಿದು ಅವ್ವ ನಿಂತಿದ್ದಳು. ಲಿಂಗಸುಗೂರಿನ ಓಣಿಗಳನ್ನು ಗುಡಿಸಿ ಅವಳು ಮಗನನ್ನು ಓದಿಸಿದ ಸಂಗತಿ ಮಸ್ಕಿಯಲ್ಲಿ ಯಾರಿಗೂ ಗೊತ್ತಿರಲಿಲ್ಲ. ಗೊತ್ತಾಗುವುದು ಶಿವರಾಜನಿಗೆ ಬೇಕಿರಲಿಲ್ಲ. ಕೇಳಿದವರಿಗೆಲ್ಲ “ಅವ್ವ ಮನ್ಯಾಗ ಇದ್ದಾಕಿರಿ” ಅನ್ನುತ್ತಿದ್ದ. ಈಗ ಅಂಗಡಿಯಲ್ಲಿ ಆ ನಗು ನೆನಪಾಗಿ, ಅವ್ವನ ಕಡೆ ನೋಡದೆ ಕರಿಯ ತುಂಡನ್ನು ಕೈಯಲ್ಲಿ ಹೊರಳಿಸತೊಡಗಿದ.

ಜುಲ್ಫಿಕರ್ ಸೌತೆಕಾಯಿಯ ಒಂದು ಹೋಳು ಕೊಯ್ದು ಡಬ್ಬಿಗೆ ಇಳಿಬಿಟ್ಟ. ಸ್ವಲ್ಪ ಹೊತ್ತು ಏನೂ ಆಗಲಿಲ್ಲ. ಯಮನಮ್ಮ ಎದ್ದು ಬಂದು ಡಬ್ಬಿಯ ಮೇಲೆ ಬಾಗಿದಳು. ಮೀನು ಗೋಡೆಯನ್ನು ಬಿಟ್ಟು ಮೆಲ್ಲಗೆ ಇಳಿಯಿತು, ಹೋಳಿಗೆ ಬಾಯಿ ಹಚ್ಚಿತು, ಮತ್ತೆ ಬಿಡಲಿಲ್ಲ. ಅವಳ ಕಣ್ಣು ತುಂಬಿದವು.

“ಉಳಿತೈತಿ ಬಿಡ್ರಿ ಅಮ್ಮಾ,” ಅಂದ ಜುಲ್ಫಿಕರ್. “ಎಲ್ಲಾರೂ ಸತ್ತ ಮ್ಯಾಲೆ ತರ್ತಾರ. ಇದು ಹಸದೈತಿ ಅಂತ ನಿಮಗ ಹೆಂಗ ತಿಳೀತು?”

ಅಷ್ಟರಲ್ಲಿ ಇಬ್ಬರು ಗಿರಾಕಿಗಳು ಒಳಗೆ ಬಂದಿದ್ದರು. ಅವರಲ್ಲೊಬ್ಬ ಶಿವರಾಜನ ಕಚೇರಿಯವನೇ, ಅಂಬಪ್ಪ. “ಏನ್ ಸರ್, ಇಲ್ಲಿ?” ಎಂದು ಕೈ ಮುಗಿದ. ಶಿವರಾಜ ಅವಸರದಲ್ಲಿ ಕಟ್ಟಿಗೆಯನ್ನು ಚೀಲಕ್ಕೆ ತುರುಕಿದ. “ನಡಿ ಯವ್ವಾ, ಬಸ್ ಹೋಗತೈತಿ.”

ಯಮನಮ್ಮ ಅವಸರ ಮಾಡಲಿಲ್ಲ. ಮೀನಿನ ಬಾಯಿಂದ ಹೋಳು ಜಾರದಂತೆ ನೋಡಿಕೊಂಡು ಡಬ್ಬಿಯ ಮುಚ್ಚಳ ಹಾಕಿದಳು.

“ಮೂವತ್ತೊಂದು ವರ್ಸ ಲಿಂಗಸುಗೂರಾಗ ಓಣಿ ಗುಡಿಸೀನಪ್ಪಾ, ಗಟಾರ ಬಳದೀನಿ,” ಅಂದಳು ಜುಲ್ಫಿಕರನ ಕಡೆ ತಿರುಗಿ, ಎಲ್ಲರಿಗೂ ಕೇಳುವಂತೆ. “ಹೊಲಸು ತೆಗದ್ರ ಹೊಟ್ಟಿ ತುಂಬಂಗಿಲ್ಲ. ಬುತ್ತಿ ಮನಿಯಿಂದ ಕಟಗೊಂಡು ಹೋಗ್ತಿದ್ದೆ.”